ಹೆಸರು ಕರ್ತನಿಗೆ ಗೊತ್ತು

ಗದಗದಿಂದ ರೈಲು ಹಿಡಿದು ಬೆಂಗಳೂರಿಗೆ ಬಂದು, ಅಲ್ಲಿಂದ ನಡುವೆ ಒಂದು ಕಡೆ ವಿಮಾನ ಬದಲಿಸಿ ನಾನು ಲಾಸ್ ಏಂಜಲೀಸ್‌ನಲ್ಲಿ ಇಳಿದಾಗ ಅಲ್ಲಿ ಅಕ್ಟೋಬರ್ ತಿಂಗಳ ಮಧ್ಯಾಹ್ನ. ಬಿಸಿಲು ನಮ್ಮ ಬೆಟಗೇರಿಯದ್ದೇ, ಬೆವರು ಮಾತ್ರ ಇಲ್ಲ. ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿ, ಖಡಕ್ ಜೋಳದ ರೊಟ್ಟಿಯ ಕಟ್ಟನ್ನು ಎತ್ತಿ ಹಿಡಿದು, ಇದೇನು ಅಂತ ಕೇಳಿದ. ರೊಟ್ಟಿ ಅಂದೆ. ಬೆರಳಿನಿಂದ ಬಡಿದು ನೋಡಿದ, ಟಕಟಕ ಅಂದಿತು. ಇದನ್ನು ತಿನ್ನುತ್ತೀರಾ ಅಂದ. ಹಲ್ಲಿದ್ದವರು ತಿನ್ನುತ್ತಾರೆ ಅಂದೆ. ನಕ್ಕು ಕಳಿಸಿಬಿಟ್ಟ. ಆ ರೊಟ್ಟಿ ನನಗಾಗಿ ತಂದದ್ದಲ್ಲ. ನಮ್ಮೂರ ಕ್ರೈಸ್ತ ದೇವಾಲಯದಲ್ಲಿ ಎಷ್ಟೋ ವರ್ಷಗಳಿಂದ ನನ್ನ ಪಕ್ಕದಲ್ಲೇ ಕೂರುವ ಗೆಳತಿ ವಿಮಲಾ, ಸ್ಯಾನ್ ಡಿಯಾಗೋದಲ್ಲಿರುವ ತನ್ನ ಮೊಮ್ಮಗಳಿಗೆಂದು ಬಡಿದು ಒಣಗಿಸಿ ಕಟ್ಟಿಕೊಟ್ಟದ್ದು.

ಮುಂದೆ ಹೋಗುವ ಮೊದಲು ಒಂದು ಮಾತು. ಆ ಮೊಮ್ಮಗಳನ್ನು ಇಲ್ಲಿ ರೂತ್ ಎಂದು ಕರೆದಿದ್ದೇನೆ. ಅದು ಅವಳ ಹೆಸರಲ್ಲ. ಅವಳ ಅಜ್ಜಿಯ ಹೆಸರು, ತಾಯಿಯ ಹೆಸರು ಕೂಡ ಬೇರೆಯೇ. ಇದನ್ನು ಬರೆದು ಮೊದಲು ಅವಳಿಗೇ ಕಳಿಸಿದೆ. ಅವಳು ಬಹಳ ದಿನ ಉತ್ತರ ಕೊಡಲಿಲ್ಲ. ಹೇಳಬೇಕಾದವರಿಗೆಲ್ಲ ತಾನೇ ಹೇಳಿ ಮುಗಿಸಿದ ಮೇಲೆ, ಅಚ್ಚು ಮಾಡಿಸಿ ಆಂಟಿ, ಆದರೆ ನಿಮ್ಮ ಹೆಸರನ್ನು ಬದಲಿಸಬೇಡಿ ಅಂತ ಬರೆದಳು. ಬದಲಿಸಿಲ್ಲ. ನಾನು ಬೆಟಗೇರಿಯ ಸುಶೀಲಾ, ನಿವೃತ್ತ ಶಿಕ್ಷಕಿ.

ನನ್ನನ್ನು ಅಮೆರಿಕಕ್ಕೆ ಕರೆಸಿದ್ದು ನನ್ನ ಮೊಬೈಲ್ ಫೋನು ಅಂದರೂ ತಪ್ಪಿಲ್ಲ. ಲಾಕ್‌ಡೌನ್‌ನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ನಾವು ನಾಲ್ಕೈದು ಹೆಂಗಸರು ಮುಂಜಾನೆ ಐದೂವರೆಗೆ ಫೋನಿನಲ್ಲೇ ಕೂಡಿ ಪ್ರಾರ್ಥನೆ ಮಾಡತೊಡಗಿದೆವು. ಅದಕ್ಕೆ ಮುಂಜಾವಿನ ಬಳಗ ಅಂತ ಹೆಸರಿಟ್ಟೆವು. ಬಾಗಿಲು ತೆರೆದ ಮೇಲೂ ಬಳಗ ನಿಲ್ಲಲಿಲ್ಲ. ಹುಬ್ಬಳ್ಳಿ, ಮಂಗಳೂರು, ದುಬೈ, ಲಂಡನ್ ಎಲ್ಲ ಕಡೆಯ ಕನ್ನಡ ಕ್ರೈಸ್ತರು ಬಂದು ಸೇರಿದರು. ದಿನವೂ ಮೊದಲು ಒಂದು ಕೀರ್ತನೆ, ಆಮೇಲೆ ಬೈಬಲಿನ ವಾಕ್ಯ, ಆಮೇಲೆ ಪ್ರಾರ್ಥನಾ ವಿನಂತಿಗಳು. ಯಾರಿಗೆ ಕಾಯಿಲೆ, ಯಾರಿಗೆ ಪರೀಕ್ಷೆ, ಯಾರ ಮಗಳಿಗೆ ಗಂಡು ಸಿಕ್ಕಿಲ್ಲ ಎಂದು ಒಬ್ಬೊಬ್ಬರೂ ಹೇಳುವುದು, ಉಳಿದವರು ಅದನ್ನು ಹಿಡಿದು ಪ್ರಾರ್ಥಿಸುವುದು. ಹೆಸರು ಹೇಳಬಾರದಂಥ ಸಂಗತಿ ಇದ್ದರೆ ಅದಕ್ಕೂ ಒಂದು ರೂಢಿಯ ಮಾತಿದೆ. ಸಂಗತಿಯನ್ನೆಲ್ಲ ಹೇಳಿ ಕೊನೆಗೆ ‘ಹೆಸರು ಕರ್ತನಿಗೆ ಗೊತ್ತು’ ಅಂದರೆ ಆಯಿತು. ನಮ್ಮವರಿಗೆ ಇದು ಎಷ್ಟು ಅಭ್ಯಾಸವೆಂದರೆ, ಆ ಮಾತು ಕೇಳಿದೊಡನೆ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಯಾರಿರಬಹುದು ಅಂತ ಲೆಕ್ಕ ಹಾಕತೊಡಗುತ್ತಾರೆ. ನಾನೂ ಹಾಕಿದ್ದೇನೆ.

ಗ್ಲೆಂಡೇಲ್‌ನಲ್ಲಿ ಕನ್ನಡ ಕ್ರೈಸ್ತರ ವಾರ್ಷಿಕ ಕೂಟ, ‘ಆನ್‌ಲೈನ್ ಯುಗದಲ್ಲಿ ವಿಶ್ವಾಸ’ ಎಂಬ ವಿಷಯದ ಮೇಲೆ ಬಂದು ಮಾತಾಡಿ ಎಂದು ಕರೆದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಯಜಮಾನರು ಇದ್ದಿದ್ದರೆ ನಗುತ್ತಿದ್ದರು. ನಿನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಅದಕ್ಕೇ ದೇವರು ನಿನಗೆ ಮೈಕ್ ಕೊಟ್ಟಿದ್ದಾನೆ ಅಂತ ಅವರು ಯಾವಾಗಲೂ ಛೇಡಿಸುತ್ತಿದ್ದರು.

ವಿಮಾನ ನಿಲ್ದಾಣಕ್ಕೆ ಬಂದಿದ್ದವನು ಕೂಟದ ಕಾರ್ಯದರ್ಶಿ ಜಯಂತ್. ಮೈಸೂರಿನವನು, ವಿಮಾನದ ಭಾಗಗಳನ್ನು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್, ಮನೆ ಟೊರೆನ್ಸ್‌ನಲ್ಲಿ. ಹತ್ತು ಮೈಲಿ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮನೆಗಳು ಸಾಲಾಗಿ ಚೆಂದ ಇದ್ದವು, ಬೀದಿಯಲ್ಲಿ ಮಾತ್ರ ನರಪಿಳ್ಳೆಯಿಲ್ಲ. ಜನ ಎಲ್ಲಿ ಅಂದದ್ದಕ್ಕೆ ಜಯಂತ್, “ಎಲ್ಲ ಕಾರಲ್ಲಿದಾರೆ ಆಂಟಿ. ಇಲ್ಲಿ ಮೊಸರು ತರೋಕೂ ಡ್ರೈವ್ ಮಾಡ್ಬೇಕು” ಅಂದ.

ಮರುದಿನ ಪಕ್ಕದ ಮನೆಯ ಕನ್ನಡದ ಹೆಂಗಸು ನನ್ನನ್ನು ನೋಡಲೆಂದೇ ಬಿಸಿಬೇಳೆಬಾತ್ ಮಾಡಿಕೊಂಡು ಬಂದರು. ಬೆಂಗಳೂರಿನ ಜಯನಗರದವರು, ಬಹಳ ಪ್ರೀತಿಯವರು. ಅರ್ಧ ಗಂಟೆ ಮಾತಾಡಿದ ಮೇಲೆ, ಕ್ರಿಶ್ಚಿಯನ್ಸ್ ಆಗಿಯೂ ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ ಅಂತ ಮೆಚ್ಚಿಕೊಂಡರು. ನೀವೂ ಅಮೆರಿಕದಾಗ ಇದ್ದು ಚಲೋ ಮಾತಾಡ್ತೀರಿ ಅಂದೆ. ಅವರಿಗೆ ತಟ್ಟಲಿಲ್ಲ, ಜಯಂತ್‌ನಿಗೆ ತಟ್ಟಿತು, ಅವನು ಅಡುಗೆಮನೆಗೆ ಎದ್ದು ಹೋದ. ಬಾತ್ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ನಮ್ಮ ಮುಂಜಾನೆ ಐದೂವರೆ ಅಂದರೆ ಅಲ್ಲಿ ಹಿಂದಿನ ದಿನದ ಸಂಜೆ ಐದು. ಹಾಗಾಗಿ ಮೊದಮೊದಲು ನಾನು ಬಳಗವನ್ನು ಒಂದು ದಿನವೂ ತಪ್ಪಿಸಲಿಲ್ಲ. ಟೊರೆನ್ಸ್‌ನ ಊಟದ ಮೇಜಿನ ಮುಂದೆ ಕೂತು, ಹೊರಗೆ ಬಿಸಿಲು ಇರುವಾಗಲೇ ‘ಈ ಹೊಸ ಮುಂಜಾನೆಗಾಗಿ ಸ್ತೋತ್ರ’ ಅಂತ ಶುರುಮಾಡುತ್ತಿದ್ದೆ. ಹೋದಲ್ಲೆಲ್ಲ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಿದ್ದೆ: ಕಾರಿನಲ್ಲಿ ನಾನು, ಕಡಲ ಮುಂದೆ ನಾನು, ಬಿಸಿಬೇಳೆಬಾತಿನ ಮುಂದೆ ನಾನು. ಸಿಸ್ಟರ್ ಅಮೆರಿಕದಿಂದ ನಮಗೇನು ತರುತ್ತೀರಿ ಅಂತ ಒಬ್ಬರು ಕೇಳಿದರು. ದೇವರು ಮಾಡಿದ ಉಪಕಾರಗಳ ಸಾಕ್ಷಿಗಳನ್ನು ತರುತ್ತೇನೆ ಅಂತ ಬರೆದೆ. ಅದನ್ನು ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಶನಿವಾರ ಜಯಂತ್ ನನ್ನನ್ನು ಸ್ಯಾನ್ ಡಿಯಾಗೋಗೆ ಬಿಟ್ಟು ಹೋದ. ನೂರಿಪ್ಪತ್ತು ಮೈಲಿ, ಎರಡೂವರೆ ಗಂಟೆ, ದಾರಿಯ ಬಹುಪಾಲು ಎಡಗಡೆ ಒಣಗಿದ ಗುಡ್ಡ, ಬಲಗಡೆ ಕಡಲು. ವಿಮಲಾಳ ಮಗಳು ಗ್ರೇಸ್ ಸ್ಕ್ರಿಪ್ಸ್ ರ್ಯಾಂಚ್ ಅನ್ನುವ ಬಡಾವಣೆಯಲ್ಲಿದ್ದಾಳೆ. ಔಷಧ ಕಂಪನಿಯೊಂದರಲ್ಲಿ ಸಂಶೋಧಕಿ. ಗಂಡ ಆ ವಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಬಡಾವಣೆಯ ತುಂಬ ನೀಲಗಿರಿ ಮರ, ಕಾರಿನ ಬಾಗಿಲು ತೆಗೆದೊಡನೆ ನೆಗಡಿಯ ಮುಲಾಮಿನ ವಾಸನೆ. ಬಾಗಿಲಲ್ಲಿ ರೂತ್ ನಿಂತಿದ್ದಳು, ಹದಿನೇಳು ವರ್ಷ, ಅಜ್ಜಿಯದೇ ಹಣೆ. ತಾಯಿಗೂ ಮಗಳಿಗೂ ನಾನು ಆಂಟಿಯೇ. ಅಮೆರಿಕದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ರೂತ್‌ಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ರೊಟ್ಟಿಯ ಕಟ್ಟು ಬಿಚ್ಚಿ, ಮುರಿದು, ಶೇಂಗಾ ಚಟ್ನಿಪುಡಿಗೆ ಮೊಸರು ಕಲಸಿಕೊಂಡು ನಿಂತಲ್ಲೇ ತಿಂದಳು. ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಕಡಿಯುವ ಸದ್ದು ಕೇಳಿಸಿದಳು.

ಭಾನುವಾರ ಅವರ ಚರ್ಚಿಗೆ ಹೋದೆವು. ನನಗೆ ಅದು ಸಿನಿಮಾ ಮಂದಿರದಂತೆ ಕಂಡಿತು. ಕತ್ತಲೆ, ಡ್ರಮ್ಮು, ಗಿಟಾರು, ಕೈಯಲ್ಲಿ ಕಾಫಿ ಹಿಡಿದು ಬಂದು ಕೂತ ಜನ. ಮನೆಯಿಂದಲೇ ನೋಡುತ್ತಿದ್ದವರ ಊರುಗಳನ್ನು ದೊಡ್ಡ ಪರದೆಯಲ್ಲಿ ತೋರಿಸಿ ಪಾಸ್ಟರ್ ಕೈಬೀಸಿದರು. ಯೇಸುವಿನ ಕಡೆಯ ಊಟದ ನೆನಪಿಗೆ ವಿಶ್ವಾಸಿಗಳು ತೆಗೆದುಕೊಳ್ಳುವ ಪವಿತ್ರ ಭೋಜನ ಬಂದದ್ದು ಬುಟ್ಟಿಯಲ್ಲಿ: ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬಟ್ಟಲು, ಮೇಲಿನ ಹಾಳೆ ಕಿತ್ತರೆ ರೊಟ್ಟಿಯ ಬಿಲ್ಲೆ, ಇನ್ನೊಂದು ಹಾಳೆ ಕಿತ್ತರೆ ದ್ರಾಕ್ಷಾರಸ. ಕೊರೊನಾ ಬಂದ ಮೇಲೆ ಹೀಗಂತೆ. ನನ್ನ ಉಗುರಿಗೆ ಆ ಹಾಳೆ ಸಿಗಲೇ ಇಲ್ಲ. ರೂತ್ ತೆಗೆದುಕೊಂಡು, ಚೆಲ್ಲದಂತೆ ಬಿಚ್ಚಿ ನನ್ನ ಕೈಗಿಟ್ಟಳು. ತನ್ನ ಬಟ್ಟಲನ್ನು ಮಾತ್ರ ಬಿಚ್ಚಲಿಲ್ಲ, ಮೆಲ್ಲಗೆ ಸ್ವೆಟರಿನ ಜೇಬಿಗೆ ಇಳಿಸಿಕೊಂಡಳು. ಅವಳ ಆಚೆ ಕಣ್ಣು ಮುಚ್ಚಿ ಹಾಡುತ್ತಿದ್ದ ಗ್ರೇಸ್‌ಗೆ ಅದು ಕಾಣಲಿಲ್ಲ. ನನಗೆ ಕಂಡಿತು, ನನಗೆ ಕಾಣದ್ದು ಕಡಿಮೆ.

ಮಧ್ಯಾಹ್ನ ರೂತ್ ತಾನೇ ಕಾರು ಓಡಿಸಿ ನನ್ನನ್ನು ಲಾ ಹೋಯಾ ಕಡಲತೀರಕ್ಕೆ ಕರೆದೊಯ್ದಳು. ಬಂಡೆಗಳ ಮೇಲೆ ಕಡಲ ಸಿಂಹಗಳು ಗುಡಾಣಗಳಂತೆ ಬಿದ್ದುಕೊಂಡಿದ್ದವು, ನಾತ ಹೇಳತೀರದು. ಇಬ್ಬರೂ ಸೇರಿ ಒಂದು ಫೋಟೋ ತೆಗೆದುಕೊಂಡೆವು, ನಾನು ಅಲ್ಲೇ ಗ್ರೂಪಿಗೆ ಹಾಕಿದೆ. ಆಮೇಲೆ ಒಂದು ಕಟ್ಟೆಯ ಮೇಲೆ ಕೂತಾಗ ಕೇಳಿಯೇಬಿಟ್ಟೆ, “ಬೆಳಿಗ್ಗೆ ಭೋಜನ ಯಾಕ ತಗೊಳ್ಳಲಿಲ್ಲವಾ?”

ಅವಳು ಇಂಗ್ಲಿಷಿನಲ್ಲಿ, ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದಳು. ಚಿಕ್ಕವಳಿದ್ದಾಗ ಪ್ರಾರ್ಥನೆ ಮಾಡಿದರೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು, ಈಗ ಎರಡು ವರ್ಷದಿಂದ ಅನ್ನಿಸುವುದಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಅಮ್ಮ ಹಾಡುವಾಗ ಪಕ್ಕದಲ್ಲಿ ಕೂರುವುದು ಇಷ್ಟ, ಅದಕ್ಕೇ ಚರ್ಚಿಗೆ ಹೋಗುತ್ತಾಳೆ. ಆದರೆ ನಂಬದೆ ಭೋಜನ ತೆಗೆದುಕೊಂಡರೆ ಅದು ಸುಳ್ಳು. ಇಷ್ಟು ಹೇಳಿ ಕೊನೆಯದನ್ನು ಮಾತ್ರ ಕನ್ನಡದಲ್ಲಿ ಅಂದಳು: “ನಂಗೆ ಸುಳ್ಳು ಹೇಳೋಕೆ ಇಷ್ಟ ಇಲ್ಲ ಆಂಟಿ.”

ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲವೇ ಅಂದೆ. ಇದೆ, ಒಂದು ಜಾಗ ಇದೆ ಅಂದಳು. ಡಿಸ್ಕಾರ್ಡ್ ಅನ್ನುವ ಆ್ಯಪ್‌ನಲ್ಲಿ, ವಿಡಿಯೋ ಗೇಮ್ ಆಡುವ ಹುಡುಗರೆಲ್ಲ ಸೇರುವ ಕಡೆ, ಇವರದೊಂದು ಕೂಟ. ಅಮೆರಿಕದಲ್ಲಿ ಹುಟ್ಟಿದ ಭಾರತೀಯ ಕ್ರೈಸ್ತ ಮನೆಗಳ ಮಕ್ಕಳು, ಮನೆಯಲ್ಲಿ ಕೇಳಲಾಗದ ಪ್ರಶ್ನೆಗಳನ್ನು ಅಲ್ಲಿ ಕೇಳುತ್ತಾರೆ. ಕೆಲವರು ಗಟ್ಟಿ ವಿಶ್ವಾಸಿಗಳು, ಕೆಲವರು ಇವಳಂತೆ. ಕೂಟದ ಹೆಸರು ‘ತೋಮನ ಬೆರಳು’. ಯೇಸುವಿನ ಗಾಯವನ್ನು ಮುಟ್ಟದೆ ನಂಬುವುದಿಲ್ಲ ಅಂದ ಆ ಶಿಷ್ಯನನ್ನು ನೆನೆದು ನಾನು ನಕ್ಕೆ, ಹೆಸರು ಚಲೋ ಇಟ್ಟೀರಿ ಅಂದೆ. ಅಲ್ಲಿನ ನಿಯಮಗಳನ್ನು ನೋಡಿಕೊಳ್ಳುವವರಲ್ಲಿ ಇವಳೂ ಒಬ್ಬಳು. ಮೊದಲ ನಿಯಮ: ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು. ಎರಡನೆಯದು: ಒಬ್ಬರನ್ನು ಕೇಳದೆ ಅವರಿಗಾಗಿ ಪ್ರಾರ್ಥನೆ ಮಾಡಿಸಬಾರದು.

“ಪ್ರಾರ್ಥನೆಗೂ ಪರವಾನಗಿ ಬೇಕೇನವಾ?” ಅಂದೆ, ಮತ್ತೆ ನಗುತ್ತ. ಅವಳು ನಗಲಿಲ್ಲ. ಆ ಕೂಟದಲ್ಲಿ ಒಬ್ಬ ಹುಡುಗ ಇದ್ದಾನೆ, ಅವನ ಚರ್ಚಿನವರು ಅವನಿಗಾಗಿ ಹೆಸರು ಹಿಡಿದು ಎಷ್ಟು ಪ್ರಾರ್ಥಿಸಿದರೆಂದರೆ ಅವನಿಗೆ ಈಗ ಆ ಕಟ್ಟಡದ ಬೀದಿಯಲ್ಲೂ ಹೋಗಲಾಗುವುದಿಲ್ಲ ಅಂದಳು. ಕಾಲೇಜಿನ ಅರ್ಜಿಗಳೆಲ್ಲ ಮುಗಿದ ಮೇಲೆ, ಕ್ರಿಸ್‌ಮಸ್ ರಜೆಯಲ್ಲಿ ಅಮ್ಮನಿಗೆ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀವು ಹೇಳಬೇಡಿ ಅಂತ ಕೇಳಿದಳು. ನಾನು ಅವಳ ಕೈ ಹಿಡಿದು, “ಯಾರಿಗೂ ಹೇಳಂಗಿಲ್ಲ, ಹೋಗ” ಅಂದೆ. ಮನಸ್ಸಾರೆ ಹೇಳಿದೆ. ಮನೆಗೆ ಬಂದಾಗ ಐದಕ್ಕೆ ಹತ್ತು ನಿಮಿಷ ಇತ್ತು.

ಅತಿಥಿ ಕೋಣೆಯ ಬಾಗಿಲು ಹಾಕಿಕೊಂಡು ಫೋನನ್ನು ದಿಂಬಿಗೆ ಆನಿಸಿ ಕೂತೆ. ಒಂದೊಂದಾಗಿ ಮುಖಗಳು ಬಂದವು, ಒಂದು ಚೌಕದಲ್ಲಿ ವಿಮಲಾಳ ಮುಖವೂ ಇತ್ತು. ಕೀರ್ತನೆ ಆಯಿತು, ವಾಕ್ಯ ಆಯಿತು. ವಿನಂತಿಗಳ ಹೊತ್ತಿಗೆ ಒಬ್ಬರು, ಸಿಸ್ಟರ್, ಅಮೆರಿಕದಿಂದ ಪ್ರಾರ್ಥಿಸಬೇಕಾದ ಭಾರ ಏನಾದರೂ ಇದೆಯೇ ಅಂತ ಕೇಳಿದರು. ನನ್ನ ಎದೆಯಲ್ಲಿ ಆ ಹುಡುಗಿಯ ಮಾತು ಕೆಂಡದಂತೆ ಕೂತಿತ್ತು. ಕೆಟ್ಟ ಮನಸ್ಸಿನಿಂದ ಹೇಳಿದೆನೆಂದು ಯಾರೂ ಅನ್ನಲಾರರು. ಆದರೆ ಪೂರ್ತಿ ಒಳ್ಳೆಯ ಮನಸ್ಸಿನಿಂದಲೂ ಅಲ್ಲ. ಅಷ್ಟು ಜನ ಕಾದು ಕೂತಿದ್ದರು, ನನ್ನ ಹತ್ತಿರ ಅವರು ಕೇಳಿರದ ಸಂಗತಿ ಇತ್ತು. ಅದನ್ನು ಹೇಳುವ ಖುಷಿಯೂ ಆ ಸಂಕಟದ ಜೊತೆಗೇ ಇತ್ತು.

ಹೇಳಿದೆ. ಒಬ್ಬ ಮಗಳು, ಹದಿನೇಳು ವರ್ಷ, ಒಳ್ಳೆಯ ವಿಶ್ವಾಸಿ ಮನೆತನ, ತಾಯಿಯ ತವರು ನಮ್ಮ ಕಡೆಯದೇ. ಕರ್ತನ ಭೋಜನದಿಂದ ದೂರ ಸರಿದಿದ್ದಾಳೆ, ಪ್ರಾರ್ಥನೆ ನಿಂತು ಎರಡು ವರ್ಷವಾಗಿದೆ, ಇಂಟರ್ನೆಟ್ಟಿನ ಕೂಟವೊಂದರಲ್ಲಿ ಸಿಕ್ಕಿಕೊಂಡಿದ್ದಾಳೆ, ತಾಯಿಗೆ ಇನ್ನೂ ತಿಳಿದಿಲ್ಲ. ಹೆಸರು ಕರ್ತನಿಗೆ ಗೊತ್ತು. ಎಲ್ಲರೂ ಕಣ್ಣೀರಿಟ್ಟು ಪ್ರಾರ್ಥಿಸಿದರು. ವಿಮಲಾ ಕನ್ನಡಕ ತೆಗೆದು ಒರೆಸಿದಳು, ಆಮೇಲೆ ಅವಳ ಚೌಕ ಕಪ್ಪಾಯಿತು. ನೆಟ್‌ವರ್ಕ್ ಹೋಗಿರಬೇಕು ಅಂದುಕೊಂಡೆ. ತಪ್ಪಿಸಿಕೊಂಡವರಿಗಾಗಿ ವಿನಂತಿಗಳನ್ನು ಬರೆದು ಗ್ರೂಪಿಗೆ ಹಾಕುವುದು ನಮ್ಮ ಪದ್ಧತಿ, ಅದನ್ನೂ ಮಾಡಿದೆ. ಗ್ರೂಪಿನಲ್ಲಿ ಅದರ ಮೇಲುಗಡೆಯೇ ಕಡಲತೀರದಲ್ಲಿ ನಾನೂ ರೂತ್‌ಳೂ ನಗುತ್ತಿರುವ ಫೋಟೋ ಇತ್ತು. ನನಗದು ಹೊಳೆಯಲೇ ಇಲ್ಲ. ಹೆಸರು ಹೇಳಿಲ್ಲವಲ್ಲ ಎಂಬ ಧೈರ್ಯದಲ್ಲಿ ಕೆಳಗೆ ಹೋಗಿ ಗ್ರೇಸ್ ಮಾಡಿದ ಅನ್ನ ಸಾರು ಉಂಡು ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಗ್ರೂಪು ಉಕ್ಕಿ ಹರಿಯುತ್ತಿತ್ತು. ಹುಬ್ಬಳ್ಳಿಯ ಹಿರಿಯರೊಬ್ಬರು ಐದು ನಿಮಿಷದ ಆಡಿಯೋ ಪ್ರಾರ್ಥನೆ ಕಳಿಸಿದ್ದರು. ಅದರ ನಡುವೆ, ‘ಕರ್ತನೇ, ನಮ್ಮ ಗ್ರೇಸ್‌ಳ ಮಗಳನ್ನು ಹಿಡಿದಿರುವ ಅವಿಶ್ವಾಸದ ಆತ್ಮವನ್ನು ಗದರಿಸು’ ಅಂತ ಸ್ಪಷ್ಟವಾಗಿ ಇತ್ತು. ಆ ಆಡಿಯೋ ಬೇರೆ ಗ್ರೂಪುಗಳಿಗೂ ಹೋಗಿತ್ತು. ನನ್ನ ಮೆಸೇಜನ್ನು ಅಳಿಸಿದೆ. ಅಳಿಸಿದ್ದು ಎಲ್ಲರಿಗೂ ಕಾಣುತ್ತದಲ್ಲ, ಏನು ಅಳಿಸಿದಿರಿ ಸಿಸ್ಟರ್ ಅಂತ ನೋಡಿರದವರೂ ಕೇಳತೊಡಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಬರೆದು ಕಲಿಸಿದವಳು ನಾನು.

ಗ್ರೇಸ್ ಮಧ್ಯಾಹ್ನವೇ ಆಫೀಸಿನಿಂದ ಬಂದಳು. ಬ್ಯಾಗನ್ನು ಕೂಡ ಇಳಿಸದೆ ನನ್ನ ಎದುರು ಕುರ್ಚಿ ಎಳೆದು ಕೂತಳು. ತಾಯಿ ಫೋನ್ ಮಾಡಿದ್ದಳಂತೆ. ಮೊಮ್ಮಗಳು ಮರಳುವವರೆಗೆ ಉಪವಾಸ ಪ್ರಾರ್ಥನೆ ಅಂತ ಊಟ ಬಿಟ್ಟಿದ್ದಾಳಂತೆ. ವಿಮಲಾಳಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕಣ್ಣು ಕತ್ತಲಿಡುತ್ತದೆ. ನಾನು ಬಾಯಿ ತೆರೆದೆ, ಹೆಸರು ಹೇಳಲಿಲ್ಲ ಗ್ರೇಸ್ ಅಂದೆ. ಅಷ್ಟು ದೊಡ್ಡವಳಾಗಿ ಅಂಥ ಮಾತು ನನ್ನ ಬಾಯಿಂದ ಬಂತು.

ಗ್ರೇಸ್ ಕೂಗಾಡಲಿಲ್ಲ. “ಆಂಟಿ, ನನಗ ಹೇಳಬೇಕಿತ್ತು, ಇಲ್ಲಾ ಯಾರಿಗೂ ಹೇಳಬಾರದಿತ್ತು. ನನ್ನ ಮಗಳ ಮನಸ್ಸಿನ ಮಾತು ನನಗ ಹುಬ್ಬಳ್ಳಿಯಿಂದ ಗೊತ್ತಾಗಬೇಕಾತೇನ್ರಿ?” ಅಂದಳು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ರೂತ್ ಶಾಲೆಯಿಂದ ಬಂದವಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮೇಲೆ ಹೋದಳು. ನಾನು ಅವಳ ಕೋಣೆಯ ಬಾಗಿಲ ತನಕ ಹೋಗಿ ನಿಂತೆ. ಒಳಗೆ ತಾಯಿ ಮಗಳು ಮಾತಾಡುತ್ತಿದ್ದರು, ಇಬ್ಬರೂ ಅಳುತ್ತಿದ್ದರು. ಕದ ತಟ್ಟುವ ಮುಖ ನನಗಿರಲಿಲ್ಲ. ಕೆಳಗಿಳಿದು ಬಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೊಳೆದೆ, ತೊಳೆದವನ್ನೂ ಮತ್ತೆ ತೊಳೆದೆ. ಆ ದಿನ ಐದು ಗಂಟೆಗೆ ಬಳಗಕ್ಕೆ ತಲೆನೋವು ಅಂತ ಹೇಳಿದೆ. ಜಯಂತ್‌ನಿಗೆ ಫೋನ್ ಮಾಡಿ ಬೇಗ ಬಂದುಬಿಡಲೇ ಅಂತ ಕೇಳೋಣವೆಂದುಕೊಂಡೆ, ಆದರೆ ಯಾಕೆ ಅಂತ ಅವನು ಕೇಳಿದರೆ ಮತ್ತೆ ಅದನ್ನೇ ಹೇಳಬೇಕು. ಮಂಗಳವಾರ ರೂತ್ ನನ್ನೊಡನೆ ಮಾತಾಡಲಿಲ್ಲ. ತಪ್ಪಾತವಾ ಅಂತ ನಾನು ಅಂದಾಗ ತಲೆಯಾಡಿಸಿದಳು, ಆಯಿತು ಅನ್ನುವಂತಲ್ಲ, ಕೇಳಿಸಿತು ಅನ್ನುವಂತೆ. ಮೇಜಿನ ಮೇಲೆ ರೊಟ್ಟಿಯ ಕಟ್ಟು ಹಾಗೇ ಇತ್ತು, ಯಾರೂ ಮುಟ್ಟಲಿಲ್ಲ.

ಬುಧವಾರ ಬೆಳಿಗ್ಗೆ ಫೋನ್ ತೆಗೆದವಳು ಹಾಸಿಗೆಯಲ್ಲೇ ಎದ್ದು ಕೂತೆ. ವಿಮಲಾ ಗ್ರೂಪಿನಲ್ಲಿ ಸಾಕ್ಷಿ ಬರೆದಿದ್ದಳು. ‘ಕರ್ತನು ಪ್ರಾರ್ಥನೆ ಕೇಳಿದನು. ನನ್ನ ಮೊಮ್ಮಗಳು ನನ್ನೊಂದಿಗೆ ಮಾತಾಡಿ ತಾನು ನಂಬುತ್ತೇನೆ ಎಂದಳು. ಉಪವಾಸ ಬಿಟ್ಟಿದ್ದೇನೆ. ಈ ಭಾರವನ್ನು ನಮ್ಮ ಮುಂದಿಟ್ಟ ಸಹೋದರಿ ಸುಶೀಲಾಳನ್ನು ಕರ್ತನು ಆಶೀರ್ವದಿಸಲಿ.’ ಅದರ ಕೆಳಗೆ ಬೆರಳು ಎಳೆದಷ್ಟೂ ಹಲ್ಲೆಲೂಯಗಳು. ನನಗೆ ಎಂಥ ಸಂತೋಷವಾಯಿತು ಅಂದರೆ ಅತ್ತುಬಿಟ್ಟೆ. ಎರಡು ದಿನದ ಅವಮಾನವೆಲ್ಲ ಕರಗಿತು. ನನ್ನ ತಪ್ಪನ್ನೂ ಕರ್ತನು ಒಳ್ಳೆಯದಕ್ಕೇ ತಿರುಗಿಸಿದನಲ್ಲ ಅಂದುಕೊಂಡೆ. ಹಾಗಂದುಕೊಳ್ಳುವುದು ನನ್ನಂಥವರಿಗೆ ಬಹಳ ಸುಲಭ.

ಶುಕ್ರವಾರ ನನ್ನನ್ನು ರೈಲಿಗೆ ಬಿಡಲು ರೂತ್‌ಳೇ ಬಂದಳು. ಅವತ್ತು ಅವಳಿಗೆ ಶಾಲೆ ಅರ್ಧ ದಿನ, ಗ್ರೇಸ್‌ಗೆ ಆಫೀಸಿನಲ್ಲಿ ಮೀಟಿಂಗು. ಸೊಲಾನಾ ಬೀಚ್ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ. ಒಣಗಾಳಿ ಬೀಸುತ್ತಿತ್ತು, ಕಾರಿನೊಳಗೂ ಧೂಳಿನ ವಾಸನೆ. ಅರ್ಧ ದಾರಿಯಲ್ಲಿ ನಾನೇ ಮಾತು ತೆಗೆದೆ. ಅಜ್ಜಿಯ ಸಾಕ್ಷಿ ಓದಿದೆ, ನನ್ನ ಜೀವಕ್ಕೆ ನೆಮ್ಮದಿ ಆತವಾ ಅಂದೆ.

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಈ ಸಲ ಪೂರ್ತಿ ಕನ್ನಡದಲ್ಲಿ, ತಡವರಿಸಿಕೊಂಡು, ಶಬ್ದ ಹುಡುಕಿಕೊಂಡು ಹೇಳಿದಳು. “ಅಜ್ಜಿ ಊಟ ಮಾಡ್ತಿರ್ಲಿಲ್ಲ ಆಂಟಿ. ಫೋನಲ್ಲಿ ಅವರ ವಾಯ್ಸ್ ಚಿಕ್ಕದಾಗಿತ್ತು. ನಾನು ನಂಬ್ತೀನಿ ಅಂತ ಸುಳ್ಳು ಹೇಳಿದೆ.”

ಸಿಗ್ನಲ್ಲಿನಲ್ಲಿ ಕಾರು ನಿಂತಿತು, ಮತ್ತೆ ಹೊರಟಿತು. ತೋಮನ ಬೆರಳು ಕೂಟದಲ್ಲಿ ಈಗ ತಾನು ಏನನ್ನೂ ಬರೆಯುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಿಯ ಮಕ್ಕಳಿಗೆ ನಿಜ ಹೇಳಿ ಅಂತ ಹೇಳುವವಳು ತಾನು, ಈಗ ಯಾವ ಬಾಯಲ್ಲಿ ಹೇಳುವುದು ಅಂದಳು. ನಾನು ಕೈ ಮುಟ್ಟಲು ಹೋದೆ, ಅವಳು ಗೇರ್ ಬದಲಿಸುವವಳಂತೆ ಕೈ ಸರಿಸಿಕೊಂಡಳು. ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಇಳಿಸಿಕೊಟ್ಟಳು.

“ಇದನ್ನೂ ಯಾರಿಗೂ ಹೇಳಬೇಡಿ” ಅಂದಳು. ಖಂಡಿತ ಹೇಳುವುದಿಲ್ಲ, ದೇವರಾಣೆ ಅನ್ನಲು ಹೊರಟೆ. “ಪ್ರಾಮಿಸ್ ಬೇಡ ಆಂಟಿ. ಸುಮ್ನೆ ಹೇಳಬೇಡಿ.”

ರೈಲಿನ ಟಿಕೆಟ್ಟಿಗೆ ಮೂವತ್ತು ಡಾಲರಿನ ಮೇಲಾಯಿತು, ಲಾಸ್ ಏಂಜಲೀಸ್‌ಗೆ ಎರಡೂವರೆ ಗಂಟೆ. ಹಳಿಗಳು ಕಡಲಿಗೆ ಎಷ್ಟು ಹತ್ತಿರ ಅಂದರೆ ಕಿಟಕಿಯಿಂದ ನೀರೇ ಕಾಣುತ್ತದೆ, ಮರಳು ಕಾಣುವುದಿಲ್ಲ. ಎದುರು ಕೂತ ಮುದುಕಿಯೊಬ್ಬಳು ಫೋಟೋ ತೆಗೆದುಕೊಡಲೇ ಅಂತ ಕೇಳಿದಳು. ಬೇಡ ಅಂದೆ. ಆ ಪ್ರವಾಸದಲ್ಲಿ ಆಮೇಲೆ ಒಂದು ಫೋಟೋವನ್ನೂ ನಾನು ತೆಗೆಯಲಿಲ್ಲ.

ಶನಿವಾರ ಗ್ಲೆಂಡೇಲ್‌ನ ಬಾಡಿಗೆ ಸಭಾಂಗಣದಲ್ಲಿ ಕೂಟ. ಹೊರಗೆ ಅಂಗಡಿ ಬೀದಿಯ ಗದ್ದಲ, ಒಳಗೆ ಚಪಾತಿ, ಕೋಳಿ ಸಾರು, ಕೇಸರಿಬಾತ್. ನನ್ನನ್ನು ಕಂಡೊಡನೆ ಜನ ಎದ್ದು ನಿಂತರು. ಸುದ್ದಿ ಅಲ್ಲಿಗೂ ಬಂದಿತ್ತು. ಜಯಂತ್ ಮೈಕ್ ಹಿಡಿದು, ಆನ್‌ಲೈನ್ ಪ್ರಾರ್ಥನೆಗೆ ಎಂಥ ಶಕ್ತಿ ಇದೆ ಅನ್ನೋದಕ್ಕೆ ಇದೇ ವಾರ ನಡೆದ ಸಾಕ್ಷಿ, ಆಂಟಿ ಬಾಯಿಂದಲೇ ಕೇಳೋಣ ಅಂದ. ಚಪ್ಪಾಳೆ ಬಿತ್ತು. ನಿಜ ಹೇಳಿದರೆ ಆ ಹುಡುಗಿಯನ್ನು ಎರಡನೆಯ ಸಲ ಮಾರಿದಂತೆ. ಹೇಳದಿದ್ದರೆ ಆ ಸುಳ್ಳಿನ ಮೇಲೆ ನಾನು ಹಾರ ಹಾಕಿಸಿಕೊಂಡು ನಿಂತಂತೆ.

ಬರೆದುಕೊಂಡು ಹೋಗಿದ್ದ ಭಾಷಣವನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಸಾಕ್ಷಿ ಹೇಳುವುದಿಲ್ಲ, ಅದು ನನ್ನದಲ್ಲ ಅಂದೆ. ನಮ್ಮ ಫೋನುಗಳಲ್ಲಿ ಪ್ರಾರ್ಥನೆಯ ಹೆಸರಿನಲ್ಲಿ ಇನ್ನೊಬ್ಬರ ಮನೆಯ ಮಾತು ಹರಿದಾಡುತ್ತಿದೆ, ಅದನ್ನು ಹರಿಸಿದವರಲ್ಲಿ ನಾನೇ ಮೊದಲಿಗಳು, ಒಬ್ಬರ ಅಪ್ಪಣೆ ಇಲ್ಲದೆ ಅವರಿಗಾಗಿ ವಿನಂತಿ ಇಡಬೇಡಿ, ನನಗಾಗಿ ಬೇಕಾದರೆ ಹೆಸರು ಹಿಡಿದು ಪ್ರಾರ್ಥಿಸಿ, ಸುಶೀಲಾ ಅಂತ ಹೇಳಿ ಅಂದೆ. ಅಷ್ಟಕ್ಕೇ ಕೂತುಬಿಟ್ಟೆ. ಅವರು ಅದನ್ನು ದೊಡ್ಡ ದೀನತೆ ಅಂತ ತಿಳಿದರು. ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಊಟದ ಹೊತ್ತಿನಲ್ಲಿ ಮೂವರು ತಾಯಂದಿರು ತಟ್ಟೆ ಹಿಡಿದುಕೊಂಡೇ ಬಂದು ತಮ್ಮ ಮಕ್ಕಳ ಕಥೆ ಶುರುಮಾಡಿದರು. ನನಗೆ ಹೇಳಬೇಡಿ, ದಯವಿಟ್ಟು ಹೇಳಬೇಡಿ ಅಂತ ಕೈಮುಗಿದೆ. ಒಬ್ಬರಿಗೆ ಬೇಜಾರಾಗಿ ಹೊರಟುಹೋದರು.

ಮುಂದಿನ ವಾರದ ನಡುವೆ ವಾಪಸ್ಸು ಹೊರಟೆ, ವಿಮಾನದಲ್ಲಿ ನಿದ್ದೆ ಬರಲಿಲ್ಲ. ಬೆಂಗಳೂರಿನಲ್ಲಿ ಮಳೆ ಇತ್ತು, ಗದಗ ತಲುಪಿದಾಗ ಬಿಸಿಲು. ವಿಮಲಾ ನಿಲ್ದಾಣಕ್ಕೇ ಬಂದಿದ್ದಳು. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ರೊಟ್ಟಿ ತಿಂದಳೇನ ನನ್ನ ಕೂಸು ಅಂತ ಕೇಳಿದಳು. ತಿಂದಳು, ನಿಂತಲ್ಲೇ ತಿಂದಳು ಅಂದೆ. ಮನೆ ಸೇರುವವರೆಗೂ ಅವಳು ಮಾತಾಡಿದಳು, ನಾನು ಹೂಂ ಅಂದೆ.

ಮರುದಿನ ಭಾನುವಾರ. ದೇವಾಲಯದಲ್ಲಿ ನಮ್ಮ ಎಂದಿನ ಬೆಂಚಿನಲ್ಲಿ ಇಬ್ಬರೂ ಕೂತೆವು. ಪ್ರಕಟಣೆಗಳ ಹೊತ್ತಿಗೆ ಸಭಾಪಾಲಕರು ಸ್ತೋತ್ರ ಕಾಣಿಕೆ ಕೊಟ್ಟವರ ಹೆಸರುಗಳನ್ನು ಓದತೊಡಗಿದರು. ಒಬ್ಬರು ಮೊಮ್ಮಗ ಹುಟ್ಟಿದ್ದಕ್ಕೆ, ಒಬ್ಬರು ಆಪರೇಷನ್ ಸುಸೂತ್ರವಾದದ್ದಕ್ಕೆ. ಆಮೇಲೆ, ಸಹೋದರಿ ವಿಮಲಾ ಅವರು, ತಮ್ಮ ಮೊಮ್ಮಗಳು ರೂತ್ ವಿಶ್ವಾಸಕ್ಕೆ ಮರಳಿದ್ದಕ್ಕಾಗಿ, ಅಂತ ಓದಿದರು. ಹೆಸರು ಈಗ ಇಡೀ ಸಭೆಗೆ ಗೊತ್ತಾಯಿತು. ವಿಮಲಾ ಬೆಂಚಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿದಳು. ಹಿಟ್ಟು ನಾದಿ ನಾದಿ ಒರಟಾದ ಕೈ, ಬೆಚ್ಚಗಿತ್ತು. ಸಭೆಯೆಲ್ಲ ಒಟ್ಟಿಗೆ ಆಮೆನ್ ಅಂದಿತು. ಅವಳು ನನ್ನ ಮುಖ ನೋಡುತ್ತಿದ್ದಳು. ನಾನೂ ಆಮೆನ್ ಅಂದೆ.